ರಾಣಿಯ ಮರಳು, ಐವಿಯ ಸೈರನ್ನು

ಐವಿ ರಿಮ್ಮರ್ ಕಡಲ ದಡದ ನಮ್ಮ ಹೆಸ್ಟ್‌ಬಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಊಟ ಬಡಿಸಿದವಳು. ಬೇಯಿಸಿದ ಆಲೂಗಡ್ಡೆ ಕಿವುಚಿ, ಕಸ್ಟರ್ಡ್ ಕಲಕಿ ಕಲಕಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಊರಿನಲ್ಲಿ ಮೂವತ್ತರ ಆಸುಪಾಸಿನ ಯಾರನ್ನೇ ಕೇಳಿ, ಅವಳ ಸೌಟಿನ ಕೆಳಗೆ ತಟ್ಟೆ ಹಿಡಿದವರೇ. ಇಂಥ ಹೆಂಗಸು ಒಂದು ಕಾನೂನು ಕೇಳಿದಳು. ಅರ್ಧ ಪುಟಕ್ಕೆ ಮೀರದ, ಯಾರ ಗಂಟನ್ನೂ ಕರಗಿಸದ ಕಾನೂನು. ಅದು ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಹೊರಟರೆ ಇವತ್ತಿಗೂ ಮೈ ಉರಿಯುತ್ತದೆ, ಆದರೂ ಹೇಳದೆ ಇರಲಾಗದು.

ಊರಿನ ಮುಂದೆ ಇಳಿತದ ಹೊತ್ತಿಗೆ ಏಳು ಮೈಲಿ ಮರಳು ಬಯಲಾಗುತ್ತದೆ. ಗಂಡಸರು ಟ್ರಾಕ್ಟರ್ ಹೊಡೆದುಕೊಂಡು ಹೋಗಿ, ಮರಳು ಕೆರೆದು ಚಿಪ್ಪು ಹೆಕ್ಕಿ, ಚೀಲ ತುಂಬಿ ತರುತ್ತಾರೆ. ಹೆಂಗಸರು ಅದನ್ನು ಕುದಿಸಿ, ಮಾಂಸ ಬಿಡಿಸಿ, ವಿನಿಗರ್ ಹಾಕಿ ಮಾರುತ್ತಾರೆ. ಇಲ್ಲಿ ಉಬ್ಬರ ಎದುರಿನಿಂದ ಬರುವುದಿಲ್ಲ. ಮರಳಿನೊಳಗಿನ ಕಾಲುವೆಗಳಲ್ಲಿ ತುಂಬಿಕೊಂಡು ಬೆನ್ನ ಹಿಂದಿನಿಂದ ಬರುತ್ತದೆ. ಬಿಸಿಲಿದ್ದರೆ ಕಣ್ಣಿಗೆ ಬೀಳುತ್ತದೆ, ಮಂಜು ಇಳಿದರೆ ಕಾಲು ಒದ್ದೆಯಾದಾಗಲೇ ಗೊತ್ತು. ಯುದ್ಧದ ಕಾಲದ ವಿಮಾನದಾಳಿಯ ಸೈರನ್ನೊಂದು ಹಳೆಯ ಉಪ್ಪಿನ ಉಗ್ರಾಣದ ಮೇಲಿತ್ತು. ಯುದ್ಧ ಮುಗಿದ ಮೇಲೂ ಅಲ್ಲಿನ ಕಾವಲುಗಾರ ಮುದುಕ ಉಬ್ಬರಕ್ಕೆ ಒಂದು ತಾಸು ಮುಂಚೆ ಅದನ್ನು ಕೂಗಿಸುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ, ಸಂಬಳವೂ ಇರಲಿಲ್ಲ. ಮುದುಕ ಸತ್ತ. ಸೈರನ್ನು ತುಕ್ಕು ಹಿಡಿದು ಗುಜರಿಗೆ ಹೋಯಿತು.

ಐವಿಯ ಗಂಡ ವಿಲ್ಫ್ ಹೋದದ್ದು 1978ರ ಜನವರಿಯಲ್ಲಿ. ಬೆಳಗ್ಗೆ ಹತ್ತು ಗಂಟೆಗೆ ಮಂಜು ಇಳಿಯಿತು. ಹನ್ನೊಂದಕ್ಕೆ ದಡದಲ್ಲಿದ್ದವರಿಗೆ ಅವನ ಟ್ರಾಕ್ಟರಿನ ಸದ್ದು ಕೇಳುತ್ತಿತ್ತು. ಸದ್ದು ದಡದ ಕಡೆಗೆ ಬರುವ ಬದಲು ಸಮುದ್ರದ ಕಡೆಗೆ ಹೋಗುತ್ತಿತ್ತು. ಜನ ಕೂಗಿದರು, ಕಾರಿನ ಹಾರ್ನ್ ಒತ್ತಿದರು. ಆಮೇಲೆ ಸದ್ದು ನಿಂತಿತು. ಮೂರನೆಯ ದಿನ ಅವನು ಸಿಕ್ಕ, ಒಂದು ಬೂಟು ಇರಲಿಲ್ಲ.

ಐವಿ ಪುರಸಭೆಗೆ ಹೋಗಿ ಸೈರನ್ನು ಕೇಳಿದಳು. ಅಲ್ಲಿನ ಗುಮಾಸ್ತ ಗೋಡೆಯ ನಕ್ಷೆಯ ಮೇಲೆ ಬೆರಳೆಳೆದು ತೋರಿಸಿದ. ಉಬ್ಬರದ ಗೆರೆಯಿಂದ ಮೇಲಿನದು ಪುರಸಭೆಗೆ ಸೇರಿದ್ದು, ಕೆಳಗಿನದು ರಾಣಿಗೆ ಸೇರಿದ್ದು. ವಿಲ್ಫ್ ಸತ್ತದ್ದು ಗೆರೆಯ ಕೆಳಗೆ. ಸರಿ, ರಾಣಿಯ ಮರಳಿನ ವ್ಯವಹಾರ ನೋಡಿಕೊಳ್ಳುವ ಕಚೇರಿಗೆ ಬರೆದಳು. ಮರಳಿಗೆ ಇಳಿಯುವವರು ತಮ್ಮ ತಮ್ಮ ಹೊಣೆಯ ಮೇಲೆ ಇಳಿಯತಕ್ಕದ್ದು, ಎಚ್ಚರಿಕೆ ಕೊಡಬೇಕೆಂದು ಯಾವ ಕಾನೂನೂ ವಿಧಿಸಿಲ್ಲ ಎಂದು ಉತ್ತರ ಬಂತು. ಕಾಗದ ಬರೆದವನಿಗೆ ಅದು ಕೈ ತೊಳೆದುಕೊಳ್ಳುವ ಮಾತು. ಐವಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಕಾನೂನು ಇಲ್ಲವಂತೆ, ಹಾಗಿದ್ದರೆ ಮಾಡಿಸಿದರಾಯಿತು.

ಮಾಡಿಸಲು ಮನುಷ್ಯನೂ ಇದ್ದ. ನಮ್ಮ ಸಂಸದ ಕಾಲಿನ್ ಥ್ರೆಲ್‌ಫಾಲ್ ಮೊದಲು ಅದೇ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಐವಿಯ ಕೈಯ ಪುಡಿಂಗನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದವನು. ಅವನು ಚುನಾವಣೆಗೆ ನಿಂತಾಗ ಲಕೋಟೆ ಅಂಟಿಸಿದವಳು ಐವಿ, ಮನೆ ಮನೆ ಬಾಗಿಲು ತಟ್ಟಿದವಳು ಐವಿ, ಮತದಾನದ ದಿನ ಕುಂಟುವ ಮುದುಕಿಯರನ್ನು ವಿಲ್ಫ್‌ನ ಗಾಡಿಯಲ್ಲಿ ಹೇರಿಕೊಂಡು ಹೋದವಳೂ ಅವಳೇ. ಅವನು ಗೆದ್ದದ್ದು ಇನ್ನೂರ ಹನ್ನೆರಡು ಮತಗಳಿಂದ. ಆ ಇನ್ನೂರ ಹನ್ನೆರಡರಲ್ಲಿ ಎಷ್ಟು ಐವಿಯ ಕಾಲಿನ ಬೊಬ್ಬೆಯಿಂದ ಬಂದವು ಎಂಬುದು ಅವನಿಗೆ ಗೊತ್ತಿತ್ತು. ಒಳ್ಳೆಯವನೇ ಎನ್ನಬೇಕು. ವಿಲ್ಫ್‌ನನ್ನು ಹುಡುಕಲು ಮೂರು ದಿನವೂ ಮೊಣಕಾಲುದ್ದ ಕೆಸರಿನಲ್ಲಿ ನಡೆದಿದ್ದ. ಅವನಿಗೊಂದು ಚಾಳಿ ಇತ್ತು, ಬಾಯಿ ತೆರೆಯುವ ಮುಂಚೆ ಎರಡು ಸಲ ಕೆಮ್ಮುವುದು. "ಕಾಲಿನ್ನು ಚಳಿಗಾಲದ ಟ್ರಾಕ್ಟರ್ ಕಣೇ, ಎರಡು ಸಲ ಕೆಮ್ಮದೇ ಹೊರಡಲ್ಲ" ಎಂದು ವಿಲ್ಫ್ ನಗುತ್ತಿದ್ದ.

ಮರಣವಿಚಾರಣೆ ಮುಗಿದು ವಿಲ್ಫ್‌ನ ದೇಹ ಕೈಗೆ ಬರುವ ಹೊತ್ತಿಗೆ ಕಚೇರಿಯ ಉತ್ತರವೂ ಬಂದಾಗಿತ್ತು. ಮಣ್ಣು ಮುಗಿಸಿ ಬಂದು ಪ್ರಾರ್ಥನಾಮಂದಿರದ ಹಜಾರದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಥ್ರೆಲ್‌ಫಾಲ್ ಐವಿಯ ಪಕ್ಕ ಬಂದು ಕುಳಿತ. ಎರಡು ಸಲ ಕೆಮ್ಮಿದ.

"ಐವಿ, ಕೇಳಿಲ್ಲಿ. ಯಾರದ್ದಾದ್ರೂ ಆಗ್ಲಿ ಮರಳು, ಜನ ದುಡಿಯೋ ಕಡೆ ಉಬ್ಬರಕ್ಕೆ ಮುಂಚೆ ಸೈರನ್ ಕೂಗಲೇಬೇಕು ಅಂತ ಕಾನೂನು ತರ್ತೀನಿ. ನಮ್ಮೂರಿಗೆ ಮಾತ್ರ ಅಲ್ಲ, ಇಡೀ ಕರಾವಳಿಗೆ. ವಿಲ್ಫ್ ಮೇಲಾಣೆ."

"ಸತ್ತವನ ಮೇಲೆ ಯಾಕಯ್ಯಾ ಆಣೆ ಹಾಕ್ತೀಯಾ. ಮಾಡು, ಸಾಕು" ಎಂದಳು ಐವಿ.

ಸಂಸತ್ತಿನಲ್ಲಿ ಮಂತ್ರಿಯಲ್ಲದವನು ಮಸೂದೆ ತರಬೇಕೆಂದರೆ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ನಾನೂರು ಐನೂರು ಹೆಸರುಗಳಲ್ಲಿ ಇಪ್ಪತ್ತು ಮೇಲೆ ಬರುತ್ತವೆ. ಜನರ ಜೀವದ ಪ್ರಶ್ನೆಯನ್ನು ಹೀಗೆ ಚೀಟಿ ಎತ್ತಿ ತೀರ್ಮಾನಿಸುವುದನ್ನು ಕೇಳಿ ಐವಿ ಮೊದಲು ನಂಬಲಿಲ್ಲ. ಥ್ರೆಲ್‌ಫಾಲ್ ಏಳು ವರ್ಷ ತನ್ನ ಹೆಸರು ಬರೆದು ಹಾಕಿದ. ಏಳು ವರ್ಷವೂ ಬರಲಿಲ್ಲ. ಅದು ಅವನ ತಪ್ಪಲ್ಲ. ಆ ಏಳು ವರ್ಷ ಮಂಜು ಇಳಿದ ದಿನಗಳಲ್ಲೆಲ್ಲ ಐವಿ ಶಾಲೆಯ ಹಳೆಯ ಕೈಗಂಟೆಯನ್ನು ತೆಗೆದುಕೊಂಡು ದಡದ ಇಳಿಜಾರಿನಲ್ಲಿ ನಿಂತು ಬಾರಿಸುತ್ತಿದ್ದಳು. ಮರಳಿನಿಂದ ವಾಪಸು ಬರುವ ಗಂಡಸರು "ಊಟಕ್ಕೆ ಬೆಲ್ ಆಯ್ತೇನಕ್ಕಾ? ಇವತ್ತೇನು ಪುಡಿಂಗು?" ಎಂದು ಕೀಟಲೆ ಮಾಡುತ್ತಿದ್ದರು. "ನಿನ್ನ ತಲೆ! ಮೊದ್ಲು ಮನೆಗೆ ಹೋಗಿ ಹೆಂಡ್ತಿಗೆ ಮುಖ ತೋರ್ಸು" ಎಂದು ಅವಳು ಬೈಯುತ್ತಿದ್ದಳು. ತಲೆ ಎಣಿಸಿ, ಎಲ್ಲರೂ ಬಂದರು ಎಂದಾದ ಮೇಲೇ ಗಂಟೆ ಕೆಳಗಿಡುತ್ತಿದ್ದದ್ದು.

1985ರ ಶರತ್ಕಾಲದಲ್ಲಿ ಥ್ರೆಲ್‌ಫಾಲ್‌ಗೆ ಬಡ್ತಿ ಬಂತು. ಆಡಳಿತ ಪಕ್ಷದ ಸಚೇತಕರಲ್ಲಿ ಒಬ್ಬನಾದ. ಅಂದರೆ ಪಕ್ಷದ ಕುರಿಗಳನ್ನು ಹಟ್ಟಿಗೆ ತಂದು ಎಣಿಸುವ ಕೆಲಸ. ಅದರ ಜೊತೆಗೆ ಅರಮನೆಯ ಒಂದು ಪದವಿಯೂ ಇತ್ತು. ಕೈಯಲ್ಲೊಂದು ಉದ್ದನೆಯ ಬಿಳಿ ಕೋಲು. ಸದನದಲ್ಲಿ ಅಂದಂದು ನಡೆದದ್ದನ್ನು ಪ್ರತಿ ಸಂಜೆ ರಾಣಿಗೆ ಕಾಗದ ಬರೆದು ತಿಳಿಸಬೇಕು. ಜನ ಆರಿಸಿ ಕಳಿಸಿದವನೇ ಸರ್ಕಾರದ ಆಳು, ಸರ್ಕಾರದ ಆಳೇ ರಾಣಿಯ ಮನೆಯವನು. ಒಂದೇ ಕೋಟಿನೊಳಗೆ ಮೂರು ಜನ.

ಹಜಾರದಲ್ಲಿ ಸನ್ಮಾನವಾಯಿತು. ಬಟಾಣಿ ಬೇಯಿಸಿ, ಹಂದಿಮಾಂಸದ ಕಡುಬು ಮಾಡಿ ಬಡಿಸಿದವಳು ಐವಿಯೇ. ಥ್ರೆಲ್‌ಫಾಲ್ ಖುಷಿಯಲ್ಲಿ ಕೆಂಪಾಗಿದ್ದ.

"ರಾಣಿ ಸಂಸತ್ತಿಗೆ ಭಾಷಣ ಓದೋಕೆ ಬರೋ ದಿನ ನನ್ನನ್ನ ಅರಮನೇಲಿ ಒತ್ತೆ ಇಟ್ಕೋತಾರೆ, ಗೊತ್ತಾ? ಹಿಂದೆ ರಾಜರಿಗೂ ಸಂಸತ್ತಿಗೂ ಆಗ್ತಾ ಇರ್ಲಿಲ್ಲ ನೋಡಿ. ರಾಣಿ ಸುಖವಾಗಿ ವಾಪಸ್ ಬರೋವರೆಗೂ ನಾನು ಅಲ್ಲೇ. ಚಹಾ ಬಿಸ್ಕತ್ತು ಎಲ್ಲಾ ಕೊಡ್ತಾರೆ."

ಎಲ್ಲರೂ ನಕ್ಕರು. "ಇವನನ್ನ ಒತ್ತೆ ಇಟ್ರೆ ಬಿಡಿಸ್ಕೊಂಡು ಬರೋರು ಯಾರು?" ಎಂದು ಯಾರೋ ಕೂಗಿದರು. ಐವಿ ಕಡುಬಿನ ತಟ್ಟೆ ಅವನ ಮುಂದಿಟ್ಟಳು.

"ಒಂದು ಮೈಲಿ ಸಾರೋಟಲ್ಲಿ ಹೋಗಿ ಬರೋಕೆ ರಾಣಿಗೆ ಒತ್ತೆ ಬೇಕು ಅಂತೀಯಾ. ಅವಳ ಮರಳಿಗೆ ಏಳು ಮೈಲಿ ಹೋಗಿ ಬರೋರಿಗೆ ಯಾರನ್ನಯ್ಯಾ ಒತ್ತೆ ಇಟ್ಟಿದೀರಾ?"

ಥ್ರೆಲ್‌ಫಾಲ್ ಕೆಮ್ಮಿದ. "ಮರ್ತಿಲ್ಲ ಐವಿ. ಸಚೇತಕ ಆದ್ಮೇಲೆ ನಾನು ಮಸೂದೆ ತರೋ ಹಾಗಿಲ್ಲ, ಸದನದಲ್ಲಿ ಭಾಷಣಾನೂ ಮಾಡೋ ಹಾಗಿಲ್ಲ. ಅದು ಪದ್ಧತಿ. ಆದ್ರೆ ಈಗ ಒಳಗಿದೀನಲ್ಲ, ಒಳಗಿದ್ದು ಮಾಡ್ಸೋದು ಸುಲಭ. ಕಾರ್ನ್‌ವಾಲ್ ಕಡೆ ಮಿಸೆಸ್ ಟ್ರೆಗಿಯರ್ ಅಂತ ಇದಾರೆ, ವಿರೋಧ ಪಕ್ಷದೋರು, ಆದ್ರೆ ಒಳ್ಳೆ ಹೆಂಗಸು. ಅವರಿಗೆ ನಮ್ಮ ಮಸೂದೆ ಕೊಟ್ಟಿದೀನಿ."

ಮಾತಾಡಲೆಂದೇ ಊರು ಕಳಿಸಿದ ಮನುಷ್ಯನಿಗೆ ಬಡ್ತಿ ಕೊಟ್ಟು ಬಾಯಿ ಹೊಲಿದುಬಿಟ್ಟಿದ್ದರು. ಅವನಿಗೆ ಅದರಿಂದ ಬೇಸರವಾದಂತೆಯೂ ಕಾಣಲಿಲ್ಲ. ಕಡುಬು ಚೆನ್ನಾಗಿದೆ ಎಂದ.

ಆ ವರ್ಷ ಚೀಟಿಯಲ್ಲಿ ಮಿಸೆಸ್ ಟ್ರೆಗಿಯರ್ ಹೆಸರು ಬಂತು, ಹದಿನಾಲ್ಕನೆಯದಾಗಿ. ಮಾರ್ಚಿ ತಿಂಗಳ ಎರಡನೆಯ ಶುಕ್ರವಾರ ಮಸೂದೆ ಸದನಕ್ಕೆ ಬರುವುದೆಂದಾಯಿತು. ಐವಿ ಶಾಲೆಗೆ ರಜೆ ಹಾಕಿ, ಪಕ್ಕದ ಮನೆಯ ಡಾಟ್ ಕ್ರಾಪರಳನ್ನು ಜೊತೆಗೆ ಕರೆದುಕೊಂಡು ಲಂಡನ್ನಿಗೆ ಹೋದಳು. ಡಾಟ್ ಬಾಯಾಳಿ. ರೈಲಿನಲ್ಲಿ ಎದುರು ಕುಳಿತವರಿಗೆಲ್ಲ "ನಮ್ಮ ಐವಿ ಕಾನೂನು ಮಾಡ್ಸೋಕೆ ಹೋಗ್ತಿದಾಳೆ" ಎಂದು ಸಾರಿದಳು.

ಮಿಸೆಸ್ ಟ್ರೆಗಿಯರ್ ಇಬ್ಬರನ್ನೂ ಬಾಗಿಲಲ್ಲೇ ಕಂಡು, ಮೆಟ್ಟಿಲ ಬಳಿ ನಿಲ್ಲಿಸಿ ಹೇಳಿದಳು. "ನಮ್ಮದು ಪಟ್ಟಿಯ ಕೊನೇಲಿದೆ. ನಮಗಿಂತ ಮುಂಚಿನ ಮಸೂದೆ ಮೇಲೇ ಎರಡೂವರೆವರೆಗೂ ಮಾತು ಎಳೀತಾರೆ. ಎರಡೂವರೆ ಆದ್ಮೇಲೆ ಚರ್ಚೆ ಇಲ್ಲ, ಉಳಿದ ಮಸೂದೆಗಳ ಹೆಸರು ಮಾತ್ರ ಓದ್ತಾರೆ. ಆಗ ಯಾರೂ 'ಆಕ್ಷೇಪ' ಅನ್ನದೇ ಇದ್ರೆ ನಮ್ಮದು ಮುಂದಿನ ಹಂತಕ್ಕೆ ಹೋಗುತ್ತೆ."

"ಒಬ್ರು ಅಂದ್ರೆ?" ಎಂದಳು ಐವಿ.

"ಒಬ್ರು ಅಂದ್ರೂ ಅಲ್ಲಿಗೆ ನಿಂತ ಹಾಗೇ."

"ಯಾಕೆ ಅಂತ ಹೇಳ್ಬೇಕಾಗುತ್ತಲ್ಲ?"

"ಇಲ್ಲಮ್ಮಾ. ಆ ಒಂದು ಮಾತು ಅಂದ್ರೆ ಸಾಕು."

ಮೇಲಿನ ಸಾಲುಗಳಲ್ಲಿ ಸಾರ್ವಜನಿಕರು ತುಟಿ ಬಿಚ್ಚುವಂತಿಲ್ಲ. ಐವಿಯ ಮುಂದೆ ಒಬ್ಬ ದಪ್ಪನೆಯ ಮನುಷ್ಯ ಕುಳಿತಿದ್ದ. ಅವನ ಭುಜದ ಆಚೆ ಅವಳಿಗೆ ಕಂಡದ್ದು ಸಭಾಧ್ಯಕ್ಷರ ಕುರ್ಚಿ ಮತ್ತು ವಿರೋಧ ಪಕ್ಷದ ಬೆಂಚು ಮಾತ್ರ. ಕೆಳಗೆ ಒಬ್ಬ ಸದಸ್ಯ ನಾಯಿಗಳ ಕೊರಳಪಟ್ಟಿಯ ಬಗ್ಗೆ ಒಂದೂಕಾಲು ಗಂಟೆ ಮಾತಾಡಿದ. ನಡುನಡುವೆ ಗಡಿಯಾರ ನೋಡುತ್ತಿದ್ದ. ಎರಡೂವರೆಯಾಯಿತು. ಅಧಿಕಾರಿಯೊಬ್ಬ ಎದ್ದು, ಚೀಟಿಯಿಂದ ಹೆಸರು ಓದತೊಡಗಿದ. ಒಂದೊಂದು ಹೆಸರಿಗೂ ಎಲ್ಲಿಂದಲೋ ಆಕ್ಷೇಪ, ಆಕ್ಷೇಪ ಎನ್ನುವ ದನಿಗಳು. ಕೊನೆಗೆ "ಉಬ್ಬರ ಎಚ್ಚರಿಕೆ ಮಸೂದೆ" ಎಂದು ಓದಿದ.

ಐವಿ ಉಸಿರು ಹಿಡಿದಳು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಡಾಟ್ ಅವಳ ಮೊಣಕೈ ಹಿಂಡಿದಳು. ಆಗ ಕೆಳಗಿನಿಂದ, ಕಾಣದ ಬೆಂಚಿನಿಂದ, ಕೆಮ್ಮು ಕೇಳಿತು. ಒಂದು ಸಲ, ಇನ್ನೊಂದು ಸಲ.

"ಆಕ್ಷೇಪ."

ಅಷ್ಟೇ. ಮುಂದಿನ ಕೆಲಸ ನಡೆಯಿತು. ಎಂಟು ವರ್ಷ ಕಾದದ್ದು ಎರಡು ಕೆಮ್ಮು, ಒಂದು ಮಾತಿನಲ್ಲಿ ಮುಗಿಯಿತು. ಐವಿಗೆ ಎದ್ದು ನಿಂತು ಕಿರುಚಬೇಕೆನ್ನಿಸಿತು. ಕಿರುಚಿದ್ದರೆ ಹೊರಗೆ ಹಾಕುತ್ತಿದ್ದರು. ಅವಳು ಕಿರುಚಲಿಲ್ಲ, ಆ ದಿನ ಕಿರುಚದೆ ಇದ್ದುದಕ್ಕೆ ಸಾಯುವವರೆಗೂ ತನ್ನನ್ನೇ ಬೈದುಕೊಂಡಳು.

ಕೆಳಗಿನ ಹಜಾರದಲ್ಲಿ ಥ್ರೆಲ್‌ಫಾಲ್ ಇಬ್ಬರನ್ನೂ ಹುಡುಕಿಕೊಂಡು ತಾನೇ ಬಂದ. ಮುಖ ಬಾಡಿತ್ತು. "ಬನ್ನಿ, ಚಹಾ ಕುಡಿಯೋಣ" ಎಂದ.

"ಕೆಮ್ಮಿದ್ದು ನೀನೇ" ಎಂದಳು ಐವಿ.

"ಐವಿ..."

"ವಿಲ್ಫ್ ಇದ್ದಿದ್ರೂ ಗುರುತು ಹಿಡೀತಿದ್ದ. ನೀನೇ ಅಲ್ವೇನೋ?"

ಅವನು ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಬಾಯಿ ನನ್ನದು, ಮಾತು ನನ್ನದಲ್ಲ. ಕರಾವಳಿ ಪೂರ್ತಿ ಇದರ ಹೊಣೆ ಹೊರೋಕಾಗಲ್ಲ ಅಂತ ಇಲಾಖೆಯೋರು ಬರ್ದಿದಾರೆ, ಮಂತ್ರಿ ಒಪ್ಪಿದಾರೆ. ಶುಕ್ರವಾರ ಬೆಂಚ್ ಮೇಲೆ ಕೂತ ಸಚೇತಕ ಅದನ್ನ ಹೇಳ್ಬೇಕು. ಇವತ್ತು ನನ್ನ ಪಾಳಿ. ನೋಡು, ರಾಣಿ ಭಾಷಣ ಓದ್ತಾಳಲ್ಲ, 'ನನ್ನ ಸರ್ಕಾರ ಇದನ್ನ ಮಾಡುತ್ತೆ ಅದನ್ನ ಮಾಡುತ್ತೆ' ಅಂತ. ಅದು ಅವಳ ಮಾತೇನು? ಮಂತ್ರಿಗಳು ಬರೆದು ಕೊಟ್ಟದ್ದು. ಅವಳೇ ಹಾಗೆ ಓದ್ಬೇಕಾದ್ರೆ ನಾನು ಯಾವ ಲೆಕ್ಕ?"

"ಮಂತ್ರಿಗೆ ಯಾರು ಬರೆದು ಕೊಡ್ತಾರೆ?"

"ಇಲಾಖೆ."

"ಇಲಾಖೆ ಯಾರದ್ದು?"

"ರಾಣಿ ಹೆಸರಲ್ಲಿ ನಡೆಯೋದು" ಎಂದ ಅವನು. ಹೇಳಿದ ಮೇಲೆ ತಾನೇ ಪೆಚ್ಚಾದ.

ಡಾಟ್ ತಡೆಯಲಾರದೆ ಬಾಯಿ ಹಾಕಿದಳು. "ಹಾಗಾದ್ರೆ ಇಷ್ಟು ದೊಡ್ಡ ಮನೇಲಿ ಸ್ವಂತ ಮಾತಾಡೋ ಒಂದು ನರಪಿಳ್ಳೆ ಇಲ್ವೇನಯ್ಯಾ?"

"ನೀನು ಎದ್ದು ಆಚೆ ಹೋಗ್ಬಹುದಿತ್ತು" ಎಂದಳು ಐವಿ ಮೆಲ್ಲಗೆ. "ಹೊಟ್ಟೆ ನೋವು ಅಂತ ಹೇಳಿ ಆಚೆ ಹೋಗ್ಬಹುದಿತ್ತು ಕಾಲಿನ್. ಅಷ್ಟೂ ಮಾಡ್ಲಿಲ್ಲ."

ಇಬ್ಬರು ಹೆಂಗಸರೂ ಅವನ ಚಹಾ ಕುಡಿಯದೆಯೇ ರೈಲು ಹಿಡಿದರು.

ಸದನದ ಮಾತನ್ನೆಲ್ಲ ಬರೆದಿಡುವ ವರದಿ ಪುಸ್ತಕ ಮುಂದಿನ ವಾರ ಗ್ರಂಥಾಲಯಕ್ಕೆ ಬಂತು. ಐವಿ ಹೋಗಿ ನೋಡಿದಳು. ನಾಯಿಯ ಕೊರಳಪಟ್ಟಿಯವನ ಒಂದೂಕಾಲು ಗಂಟೆ ಹೆಸರಿನ ಸಮೇತ ಇತ್ತು. ಉಬ್ಬರದ ಮಸೂದೆಯ ಮುಂದೆ "ಮಾನ್ಯ ಸದಸ್ಯರು: ಆಕ್ಷೇಪ" ಎಂದಷ್ಟೇ ಇತ್ತು. ಹೆಸರಿಲ್ಲ. ಅಲ್ಲಿ ಆಕ್ಷೇಪ ಹೇಳಿದವರ ಹೆಸರು ಬರೆಯುವ ರೂಢಿ ಇಲ್ಲವಂತೆ. ಕೆಮ್ಮನ್ನೂ ಬರೆದಿರಲಿಲ್ಲ.

"ರಾಣಿಗೇ ಬರಿ" ಎಂದಳು ಡಾಟ್. "ಮರಳು ಅವಳದ್ದೇ ತಾನೆ? ಅವಳಿಗೆ ಗೊತ್ತಿರಲ್ಲ ಕಣೇ ಇದೆಲ್ಲ. ಗೊತ್ತಾದ್ರೆ ಸುಮ್ನೆ ಇರ್ತಾಳಾ, ಅವಳೂ ಹೆಂಗಸು."

ಈ ದೇಶದ ಬಡವರೆಲ್ಲ ತಲೆತಲಾಂತರದಿಂದ ಮಾಡಿಕೊಂಡು ಬಂದ ತಪ್ಪು ಇದು. ಮಂತ್ರಿ ಕೆಟ್ಟವನು, ಅಧಿಕಾರಿ ಕಟುಕ, ಆದರೆ ಅರಮನೆಯಲ್ಲಿರುವವರಿಗೆ ಸುದ್ದಿ ಮುಟ್ಟಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಸುದ್ದಿ ಮುಟ್ಟಿಸುವವನೇ ಥ್ರೆಲ್‌ಫಾಲ್ ಎಂಬುದು ಐವಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಳು. ಮೂರು ಸಂಜೆ ಕುಳಿತು, ನೀಲಿ ಕಾಗದದ ಮೇಲೆ, ವಿಲ್ಫ್‌ನ ಒಂದು ಬೂಟು ಸಿಗಲಿಲ್ಲ ಎಂಬುದನ್ನೂ ಸೇರಿಸಿ ಬರೆದಳು.

ಹತ್ತು ದಿನಕ್ಕೆ ಅರಮನೆಯಿಂದ ದಪ್ಪ ಲಕೋಟೆ ಬಂತು. ಅಂಚೆಯವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಬೀದಿಯೆಲ್ಲ ಬಾಗಿಲಿಗೆ ಬಂತು. ರಾಣಿಯವರು ನಿಮ್ಮ ದುಃಖಕ್ಕೆ ಮರುಗಿದ್ದಾರೆ, ಆದರೆ ಸಂವಿಧಾನಕ್ಕೆ ಒಳಪಟ್ಟ ಅರಸರು ಇಂಥ ವಿಷಯದಲ್ಲಿ ಕೈಹಾಕುವಂತಿಲ್ಲ, ಆದ್ದರಿಂದ ಪತ್ರವನ್ನು ಸಂಬಂಧಪಟ್ಟ ಮಂತ್ರಿಗಳಿಗೆ ಕಳಿಸಿಕೊಡಲು ಅಪ್ಪಣೆ ಮಾಡಿದ್ದಾರೆ ಎಂದು ಅವರ ಪರವಾಗಿ ಯಾರೋ ಬರೆದಿದ್ದರು. ಮಂತ್ರಿಯ ಕಚೇರಿ, ಇದು ಸ್ಥಳೀಯ ಸಂಸದರ ಮೂಲಕ ಬರಬೇಕಾದ ಅಹವಾಲು ಎಂದು ಅದನ್ನು ಸಂಸದರಿಗೆ ಕಳಿಸಿತು. ಆರು ವಾರ ಕಳೆದ ಮೇಲೆ ಅದೇ ನೀಲಿ ಕಾಗದದ ಪ್ರತಿ ಐವಿಯ ಬಾಗಿಲಿಗೆ ಬಂದು ಬಿತ್ತು, ಮೇಲೊಂದು ಅಚ್ಚಾದ ಚೀಟಿ: ವಂದನೆಗಳೊಂದಿಗೆ, ಕಾಲಿನ್ ಥ್ರೆಲ್‌ಫಾಲ್.

ಐವಿ ಚೀಟಿ ಓದಿ ನಕ್ಕಳು. ಅಂಥ ನಗು ಅವಳ ಬಾಯಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. ಆ ವರ್ಷ ಪಕ್ಷದ ಲಕೋಟೆ ಅಂಟಿಸಲು ಅವಳು ಹೋಗಲಿಲ್ಲ. ಅವಳಿಲ್ಲದೆಯೂ ಮುಂದಿನ ಚುನಾವಣೆಯಲ್ಲಿ ಥ್ರೆಲ್‌ಫಾಲ್ ಆರು ಸಾವಿರದಿಂದ ಗೆದ್ದ. ಅದನ್ನೂ ಅವಳು ನುಂಗಿಕೊಳ್ಳಬೇಕಾಯಿತು.

1988ರ ಫೆಬ್ರವರಿಯಲ್ಲಿ ಟೆಡ್ ಬಿಬ್ಬಿ ಮತ್ತು ಅವನ ತಮ್ಮ ರಾಯ್ ಹೋದರು. ಮಧ್ಯಾಹ್ನ ಮಂಜು ಇಳಿದಾಗ ಐವಿ ಗಂಟೆ ಹಿಡಿದು ಓಡಿದಳು. ಗಾಳಿ ಸಮುದ್ರದ ಕಡೆಯಿಂದ ಊರಿನ ಕಡೆಗೆ ಬೀಸುತ್ತಿತ್ತು. ಎರಡು ತಾಸು ಬಾರಿಸಿದಳು. ಸದ್ದೆಲ್ಲ ಅವಳ ಬೆನ್ನ ಹಿಂದಿನ ಮನೆಗಳಿಗೆ ಹೋಯಿತು, ಮರಳಿಗೆ ಹೋಗಲಿಲ್ಲ. ಅವಳ ಅಂಗೈ ಒಡೆದು ಗಂಟೆಯ ಹಿಡಿ ನೆನೆದಿತ್ತು. ಜನ ಬಂದು ಕೈಯಿಂದ ಗಂಟೆ ಬಿಡಿಸಿದರು. ರಾಯ್ ಶಾಲೆಯಲ್ಲಿ ಬಟಾಣಿ ತಿನ್ನುತ್ತಿರಲಿಲ್ಲ, ಐವಿ ನೋಡದಾಗ ಕಿಸೆಗೆ ತುಂಬಿಕೊಳ್ಳುತ್ತಿದ್ದ. ಅವಳು ನೋಡಿಯೂ ನೋಡದಂತಿರುತ್ತಿದ್ದಳು.

ಈ ಸಲ ಟೆಲಿವಿಷನ್ನಿನವರು ಬಂದರು. ಇಬ್ಬರು ಒಟ್ಟಿಗೆ ಸತ್ತರೆ ಅದು ಸುದ್ದಿ. ರಾಯ್‌ನ ಹೆಂಡತಿ ತುಂಬಿದ ಬಸುರಿ, ಅದು ಇನ್ನೂ ದೊಡ್ಡ ಸುದ್ದಿ. ನಾಲ್ಕೇ ತಿಂಗಳಲ್ಲಿ ಸೈರನ್ನು ಬಂತು. ಹತ್ತು ವರ್ಷದಲ್ಲಿ ಆಗದ್ದು ನಾಲ್ಕು ತಿಂಗಳಲ್ಲಿ ಆಗುತ್ತದೆ ಎಂದರೆ ಅದು ಯಾವತ್ತೂ ಆಗಬಹುದಿತ್ತು ಎಂದೇ ಅರ್ಥ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಆದರೆ ಬಂದದ್ದು ಕಾನೂನಲ್ಲ. ಷರತ್ತುಗಳನ್ನು ಊರಿನ ವಾರಪತ್ರಿಕೆ ಅಚ್ಚು ಹಾಕಿತ್ತು. ಐವಿ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದಳು. ಮರಳಿನ ಕಚೇರಿ ಇದನ್ನು ಕೃಪೆಯಿಂದ ಇಡಗೊಟ್ಟಿದೆ, ಯಾವ ಹೊಣೆಯನ್ನೂ ಒಪ್ಪಿಕೊಂಡಿಲ್ಲ, ಮೂರು ತಿಂಗಳ ಮುನ್ಸೂಚನೆ ಕೊಟ್ಟು ತೆಗೆಸಬಹುದು. ಇದು ಹೆಸ್ಟ್‌ಬಿಗೆ ಮಾತ್ರ. ಮಿಸೆಸ್ ಟ್ರೆಗಿಯರ್‌ಳ ಊರಿಗೆ ಇಲ್ಲ, ಬೇರೆ ಯಾವ ಊರಿಗೂ ಇಲ್ಲ.

"ಬಂತಲ್ಲ ಬಿಡೇ" ಎಂದಳು ಡಾಟ್. "ಕೂಗಿದ್ರೆ ಸಾಕಲ್ವಾ?"

"ಕೊಟ್ಟ ಕೈ ಕಿತ್ಕೊಳ್ಳೋಕೂ ಆಗುತ್ತೆ ಡಾಟ್. ನಾನು ಕೇಳಿದ್ದು ಭಿಕ್ಷೆ ಅಲ್ಲ."

ಜೂನ್ ತಿಂಗಳ ಒಂದು ಶನಿವಾರ ಉದ್ಘಾಟನೆ. ಬಿಸಿಲು ಚೆನ್ನಾಗಿತ್ತು. ಹಿತ್ತಾಳೆ ವಾದ್ಯದವರು, ಪುರಸಭಾಧ್ಯಕ್ಷ ಕೊರಳಲ್ಲಿ ಸರಪಣಿ ಹಾಕಿಕೊಂಡು, ರಾಣಿಯ ಪ್ರತಿನಿಧಿಯಾಗಿ ಕತ್ತಿ ಕಟ್ಟಿಕೊಂಡ ಒಬ್ಬ ನಿವೃತ್ತ ಸೇನಾಧಿಕಾರಿ. ಸೈರನ್ನಿನ ಕಂಬದ ಬುಡದಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಪರದೆ ಮುಚ್ಚಿದ ಫಲಕ. ಫಲಕದಲ್ಲಿ ಏನಿದೆಯೆಂದು ಕೆತ್ತಿದವನ ಹೆಂಡತಿಯಿಂದ ಊರಿಗೆಲ್ಲ ಗೊತ್ತಾಗಿತ್ತು: ಮಾನ್ಯ ಸಂಸದ ಕಾಲಿನ್ ಥ್ರೆಲ್‌ಫಾಲ್ ಅವರ ಅವಿರತ ಶ್ರಮದಿಂದ, ಮರಳಿನ ಒಡೆಯರ ಕೃಪೆಯಿಂದ. ವಿಲ್ಫ್ ಹೆಸರಿಲ್ಲ, ಟೆಡ್ ಹೆಸರಿಲ್ಲ, ರಾಯ್ ಹೆಸರಿಲ್ಲ. ಜಾಗ ಸಾಲಲಿಲ್ಲವಂತೆ.

ಐವಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಅವಳು ಅಲ್ಲಿ ಕೂರದೆ ಹಿಂದೆ, ಚಿಪ್ಪು ಹೆಕ್ಕುವವರ ನಡುವೆ ನಿಂತಳು. ಥ್ರೆಲ್‌ಫಾಲ್ ಹಗ್ಗ ಹಿಡಿದು ಮುಂದೆ ಬಂದ. ಕೂದಲು ನರೆತಿತ್ತು, ಕೋಟು ಒಳ್ಳೆಯದು. ಎರಡು ಸಲ ಕೆಮ್ಮಿದ.

"ನಿಮ್ಮೆಲ್ಲರ ಒಪ್ಪಿಗೆಯಿಂದ ನಾನು ಈಗ ಈ ಫಲಕವನ್ನ..."

"ಆಕ್ಷೇಪ."

ಐವಿ ಕಿರುಚಲಿಲ್ಲ. ಇಪ್ಪತ್ತಾರು ವರ್ಷ ಮುನ್ನೂರು ಮಕ್ಕಳ ಗಲಾಟೆಯ ಮೇಲೆ ಮಾತಾಡಿದ ದನಿ ಅದು, ಕಿರುಚಬೇಕಾಗಿರಲಿಲ್ಲ. ಜನ ತಿರುಗಿ ನೋಡಿದರು. ಕತ್ತಿಯವನು ಹುಬ್ಬೇರಿಸಿದ. ಥ್ರೆಲ್‌ಫಾಲ್‌ನ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ಅಷ್ಟು ಜನರಲ್ಲಿ ಆ ಮಾತಿನ ಅರ್ಥ ತಿಳಿದವರು ಮೂವರೇ, ಅವನು, ಅವಳು, ಡಾಟ್. ಡಾಟ್ ಅಳುತ್ತಿದ್ದಳು.

ಅಲ್ಲಿ ಒಂದು ದನಿಗೆ ಇಡೀ ಮಸೂದೆ ನಿಂತಿತ್ತು. ಇಲ್ಲಿ ಏನೂ ನಿಲ್ಲಲಿಲ್ಲ. ಪುರಸಭಾಧ್ಯಕ್ಷ ವಾದ್ಯದವರಿಗೆ ಕೈ ಸನ್ನೆ ಮಾಡಿದ. ಅವರು ರಾಷ್ಟ್ರಗೀತೆ ಎತ್ತಿದರು, ಜನ ಟೋಪಿ ತೆಗೆದರು. ಥ್ರೆಲ್‌ಫಾಲ್ ಹಗ್ಗ ಎಳೆದ, ಪರದೆ ಬಿತ್ತು, ಸೈರನ್ನು ಕೂಗಿತು. ಏಳು ಮೈಲಿ ಮರಳಿನ ಮೇಲೆ ಅದರ ಸದ್ದು ಹರಿದು ಹೋಯಿತು. ಅಂಥ ಸದ್ದು. ಹತ್ತು ವರ್ಷದ ಹಿಂದೆ ಕೂಗಿದ್ದರೆ ವಿಲ್ಫ್ ಟ್ರಾಕ್ಟರ್ ತಿರುಗಿಸಿ, ಬೈದುಕೊಳ್ಳುತ್ತಾ ಊಟಕ್ಕೆ ಮನೆಗೆ ಬರುತ್ತಿದ್ದ. ಐವಿ ಅಲ್ಲಿ ನಿಲ್ಲಲಾರದೆ ಮನೆಗೆ ನಡೆದಳು.

ಮುಂದಿನ ಶುಕ್ರವಾರ ವಾರಪತ್ರಿಕೆಯಲ್ಲಿ ಅರ್ಧ ಪುಟದ ವರದಿ ಬಂತು, ಥ್ರೆಲ್‌ಫಾಲ್‌ನ ಚಿತ್ರದ ಸಮೇತ. ಕೆಳಗೊಂದು ಸಾಲು: ಜನರ ನಡುವಿನಿಂದ ಒಂದು ದನಿ ಆಕ್ಷೇಪ ವ್ಯಕ್ತಪಡಿಸಿತಾದರೂ ಕಾರ್ಯಕ್ರಮ ಸುಸೂತ್ರವಾಗಿ ನೆರವೇರಿತು.

ಒಂದು ದನಿ. ಐವಿ ಪತ್ರಿಕೆ ಮಡಿಸಿ, ಟೋಪಿ ಹಾಕಿಕೊಂಡು, ಬಸ್ಸು ಹಿಡಿದು ಪತ್ರಿಕೆಯ ಕಚೇರಿಗೆ ಹೋದಳು. ಮುಂಗಟ್ಟೆಯಲ್ಲಿ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಹಳೆಯ ತೊಟ್ಟಿಲು, ಕಳೆದುಹೋದ ಬೆಕ್ಕುಗಳ ಜಾಹೀರಾತು ಬರೆದುಕೊಳ್ಳುತ್ತಿದ್ದಳು. ಐವಿ ತಾನು ಬರೆದು ತಂದ ಚೀಟಿ ಕೊಟ್ಟಳು. ಅವಳು ಓದಿ ತಲೆಯೆತ್ತಿದಳು.

"ಹೆಸರು ಹಾಕಲೇಬೇಕು ಅಂತೇನಿಲ್ಲ ಆಂಟಿ. ಬರೀ ಒಂದು ನಂಬರ್ ಹಾಕಿದ್ರೂ ನಡೆಯುತ್ತೆ. ಸುಮಾರು ಜನ ಹಾಗೇ ಮಾಡ್ತಾರೆ."

"ಗೊತ್ತು ಕಣಮ್ಮಾ, ಸುಮಾರು ಜನ ಹಾಗೇ ಮಾಡ್ತಾರೆ. ನಾನು ಹೆಸರು ಹಾಕ್ಸೋಕೇ ಬಂದಿರೋದು."

"ಮತ್ತೆ ಇಲ್ಲಿ ಕೆಳಗಡೆ ಗೆರೆ ಎಳ್ದು ಖಾಲಿ ಬಿಟ್ಟಿದೀರಲ್ಲ, ಇದೇನು?"

"ಅದೂ ನಂದೇ. ಅಷ್ಟು ಜಾಗಕ್ಕೂ ಸೇರಿಸಿ ಎಷ್ಟಾಗುತ್ತೆ ಹೇಳು."

ಜೂನ್ ಕೊನೆಯ ಶುಕ್ರವಾರ ಅದು ಅಚ್ಚಾಯಿತು, ತೊಟ್ಟಿಲು ಮತ್ತು ಬೆಕ್ಕಿನ ನಡುವೆ. "ಸೈರನ್ನಿನ ಕಟ್ಟೆಯ ಹತ್ತಿರ ಆಕ್ಷೇಪ ಎಂದವಳು ನಾನು. ಐವಿ ರಿಮ್ಮರ್, ಮನೆ ನಂಬರು ಏಳು, ಶೋರ್ ರೋಡ್, ಹೆಸ್ಟ್‌ಬಿ. ಎರಡು ವರ್ಷದ ಹಿಂದೆ, ಮಾರ್ಚಿ ತಿಂಗಳ ಎರಡನೆಯ ಶುಕ್ರವಾರ, ಸಂಸತ್ತಿನಲ್ಲಿ ಆಕ್ಷೇಪ ಎಂದವರು ತಮ್ಮ ಹೆಸರನ್ನು ಇದರ ಕೆಳಗೆ ಹಾಕಬೇಕೆಂದು ಕೋರುತ್ತೇನೆ."

ಅದರ ಕೆಳಗೆ ಒಂದು ಗೆರೆ, ಒಂದೂವರೆ ಅಂಗುಲ ಖಾಲಿ ಜಾಗ. ಆ ಜಾಹೀರಾತನ್ನು ಐವಿ ಪ್ರತಿ ವರ್ಷ ಮಾರ್ಚಿಯಲ್ಲಿ ಹಾಕಿಸಿದಳು, ಹನ್ನೊಂದು ವರ್ಷ, ತಾನು ಸಾಯುವವರೆಗೆ. ಖಾಲಿ ಜಾಗಕ್ಕೂ ಪ್ರತಿ ಸಲ ಅವಳೇ ದುಡ್ಡು ಕೊಟ್ಟಳು.